ಕಾರವಾರ, ಶಿರಸಿ ಕಡೆಯ ಗಾಲ್ಫ್ ಆಟಗಾರರು ಪದೇ ಪದೇ ಕೇಳುವ ಪ್ರಶ್ನೆಗಳು: ಯಾವ ಕೋರ್ಸ್, ಯಾವ ತಿಂಗಳು, ಯಾವ ಟೀ

ಉತ್ತರ ಕನ್ನಡದಲ್ಲಿ ಗಾಲ್ಫ್ ಆಡುವವರು ಬೆರಳೆಣಿಕೆಯಷ್ಟು ಎಂದು ಹೊರಗಿನವರು ತಿಳಿದಿದ್ದಾರೆ. ಅಷ್ಟೇನೂ ಕಡಿಮೆ ಇಲ್ಲ. ನೌಕಾಪಡೆಯಿಂದ ನಿವೃತ್ತರಾಗಿ ಕಾರವಾರದಲ್ಲೇ ಉಳಿದವರಿದ್ದಾರೆ, ದುಬೈ-ಮಸ್ಕತ್‌ನಲ್ಲಿ ಆಟ ಕಲಿತು ಭಟ್ಕಳ-ಹೊನ್ನಾವರಕ್ಕೆ ಮರಳಿದವರಿದ್ದಾರೆ, ಬೆಂಗಳೂರಿನ ಕಂಪನಿ ಕೆಲಸವನ್ನು ಶಿರಸಿಯ ಮನೆಯಿಂದಲೇ ಮಾಡುವ ತೋಟದ ಮನೆಯ ಹುಡುಗರಿದ್ದಾರೆ. ಬ್ಯಾಗ್ ಇದೆ, ಚೆಂಡು ಇದೆ, ಆಡುವ ಜಾಗ ಮಾತ್ರ ದೂರ. ಹಾಗಾಗಿ ನಮ್ಮವರ ಪ್ರಶ್ನೆಗಳೂ ಬೆಂಗಳೂರಿನವರ ಪ್ರಶ್ನೆಗಳಿಗಿಂತ ಬೇರೆ. ಕೋರ್ಸಿನ ಹೆಸರು ಕೇಳಿ ಹೊರಡುವುದಕ್ಕಿಂತ ತಿಂಗಳು ಮತ್ತು ಉದ್ದ ನೋಡಿ ಹೊರಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಕೆಳಗಿನ ಉತ್ತರಗಳಲ್ಲೆಲ್ಲ ಅದೇ ಪಕ್ಷಪಾತ ಕಾಣುತ್ತದೆ.

ನಮ್ಮ ಜಿಲ್ಲೆಯಲ್ಲಿ ಗಾಲ್ಫ್ ಕೋರ್ಸ್ ಇದೆಯೇ?

ಯಾರು ಬೇಕಾದರೂ ಹೋಗಿ, ಶುಲ್ಕ ಕೊಟ್ಟು ಆಡುವಂಥದ್ದು ಇಲ್ಲ. ಘಟ್ಟ, ಕಾಡು, ತೋಟ, ಸಮುದ್ರ ಇವಿಷ್ಟರ ನಡುವೆ 18 ಹೋಲ್‌ಗೆ ಬೇಕಾದ ನೂರಿನ್ನೂರು ಎಕರೆ ಬಯಲು ಎಲ್ಲಿಂದ ಬರಬೇಕು? (ಹೋಲ್ ಎಂದರೆ ಟೀ ಎಂಬ ಶುರುವಿನ ಜಾಗದಿಂದ ಗ್ರೀನ್ ಎಂಬ ನುಣುಪು ಹುಲ್ಲಿನಲ್ಲಿರುವ ಕುಳಿಯವರೆಗಿನ ಒಂದು ಆಟದ ದಾರಿ.) ಸೇನೆ, ನೌಕಾಪಡೆಯ ಕೋರ್ಸ್‌ಗಳು ಎಲ್ಲೇ ಇದ್ದರೂ ಮೊದಲ ಹಕ್ಕು ಸೇವೆಯಲ್ಲಿರುವವರದ್ದು, ನಿವೃತ್ತರದ್ದು, ಅವರ ಅತಿಥಿಗಳದ್ದು. ಅಂಥ ಸ್ನೇಹಿತರಿದ್ದರೆ ನಿಮ್ಮ ಪುಣ್ಯ. ಬೆಳಗಾವಿಯ ದಂಡು ಪ್ರದೇಶದ ಕೋರ್ಸಿಗೂ ಇದೇ ಮಾತು.

ಕಾರವಾರದಿಂದ ಅತಿ ಹತ್ತಿರದ್ದು ಯಾವುದು?

ಕಾಣಕೋಣ. ಮಾಜಾಳಿಯ ಗೋವಾ ಗಡಿ ದಾಟಿ ಪೋಳೆಂ ಮೇಲೆ ಹೋದರೆ ಸುಮಾರು 40 ಕಿ.ಮೀ. ರಾಜಬಾಗ್ ಕಡಲತೀರದಲ್ಲಿ, ತಳಪಣ ನದಿ ಸಮುದ್ರ ಸೇರುವ ಜಾಗಕ್ಕೆ ತಾಗಿಕೊಂಡು, ಲಲಿತ್ ರೆಸಾರ್ಟಿನ ಒಂಬತ್ತು ಹೋಲ್‌ಗಳ ಕೋರ್ಸ್ ಇದೆ. ಲಿಂಕ್ಸ್ ಮಾದರಿಯದು, ಅಂದರೆ ಮರಗಳ ಆಸರೆ ಕಡಿಮೆ, ಗಾಳಿಯೇ ದೊಡ್ಡ ಎದುರಾಳಿ. ಹೊರಡುವ ಮುಂಚೆ ಫೋನ್ ಮಾಡಿ. ರೆಸಾರ್ಟ್ ಕೋರ್ಸ್‌ಗಳಲ್ಲಿ ತಂಗಿದವರಿಗೆ ಮೊದಲ ಆದ್ಯತೆ, ಮದುವೆ ಸೀಸನ್ನಿನಲ್ಲಂತೂ ಹುಲ್ಲಿನ ಮೇಲೆ ಶಾಮಿಯಾನ ಎದ್ದಿರುವುದೂ ಉಂಟು.

ಅಲ್ಲಿ ಆಡುವವರು ಗಾಳಿಯ ಲೆಕ್ಕ ತಿಳಿದಿರಬೇಕು. ನಮ್ಮ ಮೀನುಗಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಬೆಳಗಿನ ಜಾವ ನೆಲದ ಕಡೆಯಿಂದ ಸಮುದ್ರಕ್ಕೆ ಸಣ್ಣ ಗಾಳಿ, ಒಂಬತ್ತರ ಹೊತ್ತಿಗೆ ಅದು ಸತ್ತು ಸೆಖೆ, ಹನ್ನೊಂದರ ನಂತರ ಸಮುದ್ರದಿಂದ ನೆಲಕ್ಕೆ ಜೋರು ಗಾಳಿ. ಬೆಳಿಗ್ಗೆ ಏಳಕ್ಕೆ ಎಂಟನೇ ನಂಬರ್ ಐರನ್ನಿನಲ್ಲಿ (ಲೋಹದ ತಲೆಯ ಕ್ಲಬ್, ಅಂದರೆ ಹೊಡೆಯುವ ಕೋಲು; ನಂಬರ್ ಇಳಿದಷ್ಟೂ ಚೆಂಡು ದೂರ) ತಲುಪಿದ ಕಡಲ ಕಡೆಯ ಗ್ರೀನ್‌ಗೆ ಮಧ್ಯಾಹ್ನ ಆರನೇ ನಂಬರ್ ತೆಗೆಯಬೇಕಾಗುತ್ತದೆ. ಜೋರಾಗಿ ಹೊಡೆದರೆ ಚೆಂಡಿಗೆ ತಿರುಗು ಹೆಚ್ಚಾಗಿ ಇನ್ನಷ್ಟು ಮೇಲೇರಿ ಗಾಳಿಗೆ ಸಿಗುತ್ತದೆ. ಎರಡು ಕ್ಲಬ್ ಉದ್ದದ್ದು ತೆಗೆದುಕೊಂಡು, ಹಿಡಿಯನ್ನು ಒಂದಿಂಚು ಕೆಳಗೆ ಹಿಡಿದು, ಅರ್ಧ ಬಲದಲ್ಲಿ ಹೊಡೆಯಿರಿ. ಗಾಳಿಯ ವಿರುದ್ಧ ಕೆಲಸ ಮಾಡುವುದು ಇದೊಂದೇ.

ಇನ್ನೂ ಮುಂದೆ, ಮಡಗಾಂವ್ ಸಮೀಪದ ಬಾಣಾವಲಿಯ ತಾಜ್ ಎಕ್ಸಾಟಿಕಾದಲ್ಲಿ ಒಂಬತ್ತು ಹೋಲ್‌ಗಳ ಪಾರ್-3 ಕೋರ್ಸ್ ಇದೆ, ಅಂದರೆ ಪ್ರತಿ ಹೋಲ್‌ಗೂ ಮೂರೇ ಹೊಡೆತದ ಲೆಕ್ಕದ ಸಣ್ಣ ಕೋರ್ಸ್. ದೂರ ಹೊಡೆಯುವ ಡ್ರೈವರ್ ಕ್ಲಬ್ಬನ್ನು ಮನೆಯಲ್ಲೇ ಬಿಟ್ಟು ಹೋಗಿ. ಹತ್ತಿರದ ಹೊಡೆತಕ್ಕೆ ಬಳಸುವ ವೆಜ್ ಮತ್ತು ಗ್ರೀನ್ ಮೇಲೆ ಚೆಂಡು ಉರುಳಿಸುವ ಪಟರ್ ಪಳಗಿಸಲು ಒಳ್ಳೆಯ ಜಾಗ, ಹೊಸಬರನ್ನು ಕರೆದುಕೊಂಡು ಹೋಗಲು ಇನ್ನೂ ಒಳ್ಳೆಯದು.

ಒಂಬತ್ತು ಹೋಲ್ ಅಂದರೆ ಅರ್ಧ ಗಾಲ್ಫ್ ಅಲ್ಲವೇ? ಅಷ್ಟಕ್ಕೆ ಗಡಿ ದಾಟಿ ಹೋಗಬೇಕೆ?

18 ಎಂಬ ಸಂಖ್ಯೆಯನ್ನು ಯಾವ ದೇವರೂ ಬರೆದಿಟ್ಟದ್ದಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಮೊದಲು ಒಂದು ಸುತ್ತಿಗೆ 22 ಹೋಲ್ ಆಡುತ್ತಿದ್ದರು. 1764ರಲ್ಲಿ ಕೆಲವು ಸಣ್ಣ ಹೋಲ್‌ಗಳನ್ನು ಜೋಡಿಸಿ 18 ಮಾಡಿದರು. 1860ರಲ್ಲಿ ಮೊಟ್ಟಮೊದಲ ಓಪನ್ ಚಾಂಪಿಯನ್‌ಷಿಪ್ ನಡೆದ ಪ್ರೆಸ್ಟ್‌ವಿಕ್‌ನಲ್ಲಿ ಇದ್ದದ್ದು 12 ಹೋಲ್ ಮಾತ್ರ, ಅದನ್ನೇ ಮೂರು ಸಲ ಸುತ್ತಿದರು. ಆಟಗಾರನ ಮಟ್ಟ ಅಳೆಯುವ ಈಗಿನ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲೂ ಒಂಬತ್ತು ಹೋಲ್‌ಗಳ ಸ್ಕೋರ್ ಲೆಕ್ಕಕ್ಕೆ ಬರುತ್ತದೆ. 2024ರಿಂದ ಅದನ್ನು ಅಂದಾಜು ಸ್ಕೋರಿನ ಮೂಲಕ 18ಕ್ಕೆ ಏರಿಸಿ ದಾಖಲಿಸುತ್ತಾರೆ.

ನಮ್ಮಂಥವರಿಗೆ ಒಂಬತ್ತೇ ವಾಸಿ ಎನ್ನುವವನು ನಾನು. ಕಾರವಾರದಿಂದ ಐದೂವರೆಗೆ ಹೊರಟರೆ ಎರಡು ತಾಸಿನಲ್ಲಿ ಒಂಬತ್ತು ಮುಗಿಸಿ, ಬಿಸಿಲು ನೆತ್ತಿಗೇರುವ ಮೊದಲು ಮನೆ ಸೇರಬಹುದು. ಕರಾವಳಿಯ ಸೆಖೆಯಲ್ಲಿ 18 ಹೋಲ್ ನಡೆದವರ ಕೊನೆಯ ಐದು ಹೋಲ್‌ಗಳ ಸ್ಕೋರ್ ಕಾರ್ಡ್ ಯಾವಾಗಲಾದರೂ ನೋಡಿ. ಅಲ್ಲಿ ಇರುವುದು ಆಟವಲ್ಲ, ಬಳಲಿಕೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಎಲ್ಲಿಗೆ ಹೋಗಬೇಕು?

ಇಲ್ಲಿ ಸುಲಭದ ಉತ್ತರ ಇಲ್ಲ. ಶಿರಸಿಯಿಂದ ಘಟ್ಟ ಇಳಿದು ಕುಮಟಾ, ಕಾರವಾರ ದಾಟಿ ಕಾಣಕೋಣಕ್ಕೆ ಹೋಗುವುದು ಒಂದು ದಾರಿ, ಅರ್ಧ ದಿನ ರಸ್ತೆಯಲ್ಲೇ ಹೋಗುತ್ತದೆ. ಕೆಳಗೆ ದಕ್ಷಿಣಕ್ಕೆ ಹೋದರೆ ಮಂಗಳೂರಿನ ಹೊರವಲಯದ ಪಿಲಿಕುಳ ಗಾಲ್ಫ್ ಕ್ಲಬ್. ಗುರುಪುರ ನದಿಯ ಮೇಲಿನ ಜಂಬಿಟ್ಟಿಗೆ ಗುಡ್ಡದ ಮೇಲೆ ಇರುವ ಕೋರ್ಸ್ ಅದು. ನಮ್ಮ ಕಡೆಯ ನೆಲದ ಪರಿಚಯ ಇದ್ದವರಿಗೆ ಅಲ್ಲಿನ ಏರಿಳಿತ ಹೊಸದೆನಿಸುವುದಿಲ್ಲ. ಶಿವಮೊಗ್ಗ ದಾಟಿ ಚಿಕ್ಕಮಗಳೂರು ಗಾಲ್ಫ್ ಕ್ಲಬ್‌ಗೆ ಹೋಗುವವರೂ ಇದ್ದಾರೆ.

ಶಿರಸಿಯವರು ದಿನದ ಪ್ರವಾಸದ ಆಸೆ ಬಿಟ್ಟು, ವರ್ಷಕ್ಕೆ ಒಂದೆರಡು ಸಲ ಮೂರು ದಿನದ ತಿರುಗಾಟ ಇಟ್ಟುಕೊಳ್ಳುವುದು ಲೇಸು. ಅಡಿಕೆ ಕೊಯ್ಲು ಮುಗಿದ ಮೇಲೆ ಹೇಗೂ ಬೆಂಗಳೂರು, ಮೈಸೂರಿನ ನೆಂಟರ ಮನೆಗೆ ಹೋಗುತ್ತೀರಿ. ಬ್ಯಾಗ್ ಡಿಕ್ಕಿಯಲ್ಲಿ ಹಾಕಿಕೊಳ್ಳಿ.

ಯಾವ ತಿಂಗಳು ಎಲ್ಲಿ ಆಡುವುದು ಸರಿ?

ಇದನ್ನು ಎಲ್ಲರೂ ಕೊನೆಗೆ ಕೇಳುತ್ತಾರೆ, ಮೊದಲು ಕೇಳಬೇಕು.

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಬೆಂಗಳೂರಿನಲ್ಲಿ ಅದರ ಮೂರನೇ ಒಂದು ಪಾಲು. ನಮ್ಮ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಬೆಂಗಳೂರಿಗೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಂದರೆ ನಾವು ಕಂಬಳಿ ಹೊದ್ದು ಕೂತಿರುವ ಜುಲೈಯಲ್ಲಿ ಘಟ್ಟದ ಮಳೆನೆರಳಿನಾಚೆ ಮೈಸೂರು, ಬೆಂಗಳೂರುಗಳಲ್ಲಿ ಮೋಡ ಮುಚ್ಚಿದ ತಂಪು ಹವೆ, ನಡುನಡುವೆ ತುಂತುರು, ಹಸಿರು ಹುಲ್ಲು. ಗಾಲ್ಫ್‌ಗೆ ಅದಕ್ಕಿಂತ ಒಳ್ಳೆಯ ಹವೆ ಈ ರಾಜ್ಯದಲ್ಲಿ ಇಲ್ಲ. ಜುಲೈಯಲ್ಲಿ ರಜೆ ಸಿಕ್ಕಿದರೆ ಪೂರ್ವಕ್ಕೆ ಹೋಗಿ.

ಆದರೆ ನಮ್ಮವರು ಮಳೆಗಾಲದಲ್ಲಿ ರಜೆ ಸಿಕ್ಕಿತೆಂದರೆ ಕೊಡಗು ಎನ್ನುತ್ತಾರೆ. ವಿರಾಜಪೇಟೆ ಬಳಿ ಬಿಟ್ಟಂಗಾಲದ ಕೂರ್ಗ್ ಗಾಲ್ಫ್ ಲಿಂಕ್ಸ್, ಮಡಿಕೇರಿಯ ಮರ್ಕೇರಾ ಡೌನ್ಸ್ ಎರಡೂ ಕಣ್ಣಿಗೆ ಹಬ್ಬ, ನಿಜ. ಆದರೆ ಜುಲೈಯಲ್ಲಿ ಅಲ್ಲಿಯೂ ನಮ್ಮದೇ ಮಳೆ. ಚೆಂಡು ಬಿದ್ದಲ್ಲೇ ಹೂತುಹೋಗುತ್ತದೆ, ಉರುಳುವುದಿಲ್ಲ. ಕೊಡಗಿಗೆ ನವೆಂಬರ್‌ನಿಂದ ಮಾರ್ಚ್ ನಡುವೆ ಹೋಗಿ. ಅಥವಾ ಏಪ್ರಿಲ್‌ನಲ್ಲಿ, ಕರಾವಳಿ ಕಾದ ಹಂಚಾದಾಗ. ಆದರೆ ಮಧ್ಯಾಹ್ನದ ಗುಡುಗಿಗೆ ಮೊದಲು ಆಟ ಮುಗಿದಿರಲಿ. ಮಳೆ ಬಂತೆಂದು ಟೂರ್ನಿಯಲ್ಲಿ ನೀವಾಗಿ ಆಟ ನಿಲ್ಲಿಸುವಂತಿಲ್ಲ, ಸಿಡಿಲಿನ ಅಪಾಯವಿದೆ ಎನಿಸಿದರೆ ನಿಲ್ಲಿಸಲು ನಿಯಮವೇ ಅವಕಾಶ ಕೊಟ್ಟಿದೆ. ಕೈಯಲ್ಲಿ ಲೋಹದ ಕೋಲು ಹಿಡಿದು ಬಯಲಲ್ಲಿ ನಿಂತವನು ಧೈರ್ಯ ತೋರಿಸಲು ಹೋಗಬಾರದು.

ಕಾಣಕೋಣ, ಪಿಲಿಕುಳಕ್ಕೆ ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ.

ಮೊದಲ ಸಲ ಬೆಂಗಳೂರು, ಮೈಸೂರಿಗೆ ಹೋಗುತ್ತಿದ್ದೇವೆ. ಯಾವುದನ್ನು ಆರಿಸಲಿ?

ಮೈಸೂರಿನಿಂದ ಶುರು ಮಾಡಿ. ಚಾಮುಂಡಿ ಬೆಟ್ಟದ ಬುಡದಲ್ಲಿ, ರೇಸ್‌ಕೋರ್ಸಿನ ಒಳಗೇ ಇರುವ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಸಮತಟ್ಟು ನೆಲದ್ದು, ನಡೆಯಲು ಸುಲಭ. ಹೊಸ ಊರಿಗೆ ಬಂದ ಆಟಗಾರನನ್ನು ಹೆದರಿಸುವುದಿಲ್ಲ.

ಬೆಂಗಳೂರಿನಲ್ಲಿ ಆಯ್ಕೆ ಹೆಚ್ಚು, ಗೊಂದಲವೂ ಹೆಚ್ಚು. 1876ರ ಬೆಂಗಳೂರು ಗಾಲ್ಫ್ ಕ್ಲಬ್ ಹೈ ಗ್ರೌಂಡ್ಸ್‌ನಲ್ಲಿದೆ. ಸುತ್ತ ರಸ್ತೆ, ರಸ್ತೆಗೆ ಎತ್ತರದ ಬಲೆ, ಜಾಗ ಇಕ್ಕಟ್ಟು. ದೂರ ಹೊಡೆಯುವವರಿಗಿಂತ ನೇರ ಹೊಡೆಯುವವರಿಗೆ ಅದು ಒಲಿಯುತ್ತದೆ. ಚಲ್ಲಘಟ್ಟದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಕೋರ್ಸ್ ಉದ್ದ, ನೀರಿನ ಅಡ್ಡಿ ಹೆಚ್ಚು. 2012ರ ಇಂಡಿಯನ್ ಓಪನ್ ನಡೆದದ್ದು ಅಲ್ಲೇ. ಟಿವಿಯಲ್ಲಿ ನೋಡಿದ್ದೇವೆಂದು ಅಲ್ಲಿಗೇ ಮೊದಲು ಹೋಗುವವರ ಚೆಂಡುಗಳೆಲ್ಲ ಕೆರೆಯಲ್ಲಿ. ಬಿಡದಿಯ ಈಗಲ್‌ಟನ್, ನಂದಿ ಬೆಟ್ಟದ ಕಡೆಯ ಪ್ರೆಸ್ಟೀಜ್ ಗಾಲ್ಫ್‌ಶೈರ್ ನೋಡಲು ಚೆಂದ, ಆದರೆ ಹವ್ಯಾಸಿಗೆ ಹಿಂದಿನ ಟೀಯಿಂದ, ಅಂದರೆ ಕುಳಿಗೆ ಅತಿ ದೂರದ ಶುರುವಿನ ಜಾಗದಿಂದ, ಅವು ಶಿಕ್ಷೆಯೇ.

ಒಂದು ವಿಷಯ ನೆನಪಿರಲಿ. ಕಡಲಮಟ್ಟದಿಂದ ಬಂದ ನಮಗೆ ಬೆಂಗಳೂರಿನಲ್ಲಿ ಚೆಂಡು ಸ್ವಲ್ಪ ಹೆಚ್ಚು ದೂರ ಹೋಗುತ್ತದೆ. ಸುಮಾರು 900 ಮೀಟರ್ ಎತ್ತರದಲ್ಲಿ ಗಾಳಿ ತೆಳು, ಶೇಕಡಾ ಮೂರ್ನಾಲ್ಕರಷ್ಟು ವ್ಯತ್ಯಾಸ. ಇಲ್ಲಿ 150 ಗಜ ಹೋಗುವ ಹೊಡೆತ ಅಲ್ಲಿ 155. ಕೆಲವರು ಅದನ್ನು ತಮ್ಮ ಹೊಸ ಕ್ಲಬ್ಬಿನ ಮಹಿಮೆ ಎಂದುಕೊಂಡು ಊರಿಗೆ ಮರಳುತ್ತಾರೆ.

ಯಾವ ಟೀಯಿಂದ ಆಡಬೇಕು? ಮುಂದಿನ ಟೀ ಹೆಂಗಸರಿಗೆ, ಮುದುಕರಿಗೆ ಅಂತಾರಲ್ಲ?

ಹೇಳುವವರು ಹೇಳಲಿ. ಲೆಕ್ಕ ಸರಳ: ನಿಮ್ಮ ಡ್ರೈವ್, ಅಂದರೆ ಟೀಯಿಂದ ಹೊಡೆಯುವ ಮೊದಲ ದೂರದ ಹೊಡೆತ, ಸಾಮಾನ್ಯವಾಗಿ 200 ಗಜ ಹೋಗುತ್ತದಾದರೆ ನಿಮಗೆ ಒಪ್ಪುವ 18 ಹೋಲ್ ಕೋರ್ಸಿನ ಒಟ್ಟು ಉದ್ದ 5200ರಿಂದ 5400 ಗಜ. 225 ಗಜ ಹೊಡೆಯುವವರಿಗೆ 5800ರಿಂದ 6000. 175 ಗಜದವರಿಗೆ 4400ರಿಂದ 4600. ಇದು ಅಮೆರಿಕದ ಗಾಲ್ಫ್ ಸಂಸ್ಥೆಗಳು ಹವ್ಯಾಸಿಗಳಿಗೆ ಕೊಟ್ಟ ಸಲಹೆ. ಇಲ್ಲಿ ‘ಸಾಮಾನ್ಯವಾಗಿ’ ಎಂಬ ಪದವನ್ನು ಇನ್ನೊಮ್ಮೆ ಓದಿ. ಹೋದ ವರ್ಷ ಇಳಿಜಾರಿನಲ್ಲಿ, ಹಿಂದಿನಿಂದ ಗಾಳಿ ಬೀಸಿದಾಗ ಹೊಡೆದ ಆ ಒಂದು ಡ್ರೈವ್ ಇಲ್ಲಿ ಲೆಕ್ಕಕ್ಕಿಲ್ಲ.

ನನ್ನ ಜತೆ ಆಡುವ ಅಂಕೋಲೆಯ ಹಿರಿಯರೊಬ್ಬರು ಎಪ್ಪತ್ತು ದಾಟಿದವರು. ಯಾವ ಕೋರ್ಸಿಗೆ ಹೋದರೂ ತೀರಾ ಮುಂದಿನ ಟೀ ಮೇಲೆ ಚೆಂಡಿಟ್ಟು, ಮೂರನೇ ನಂಬರ್ ವುಡ್ ಎಂಬ ಕ್ಲಬ್ಬಿನಲ್ಲಿ ನಡುಬಯಲಿಗೆ ತಳ್ಳಿ, ಕೈಬೀಸಿಕೊಂಡು ನಡೆಯುತ್ತಾರೆ. ಹಿಂದಿನ ಟೀಯಿಂದ ಆಡಿದ ಹುಡುಗರು ಕಾಡಿನಲ್ಲಿ ಚೆಂಡು ಹುಡುಕುತ್ತಿರುವಾಗ ಅವರು ಗ್ರೀನ್ ಪಕ್ಕ ಕೂತು ಕವಳ ಹಾಕಿಕೊಳ್ಳುತ್ತಿರುತ್ತಾರೆ. ದಿನದ ಕೊನೆಗೆ ಊಟದ ಬಿಲ್ ಕೊಡುವವರು ಹುಡುಗರು.

ಸದಸ್ಯತ್ವ ಇಲ್ಲದೆ ಕ್ಲಬ್‌ಗಳಲ್ಲಿ ಆಡಬಹುದೇ?

ಕೆಲವೆಡೆ ಹೊರಗಿನವರಿಗೆ ಗ್ರೀನ್ ಫೀ ಕೊಟ್ಟು ಆಡಲು ಬಿಡುತ್ತಾರೆ. ಕೆಲವೆಡೆ ಸದಸ್ಯರೊಬ್ಬರು ಪರಿಚಯಿಸಬೇಕು. ಕೆಲವು ಕಡೆ ಹ್ಯಾಂಡಿಕ್ಯಾಪ್ ಪ್ರಮಾಣಪತ್ರ ಕೇಳುತ್ತಾರೆ. ಬಹಳಷ್ಟು ಕ್ಲಬ್‌ಗಳಲ್ಲಿ ಸೋಮವಾರ ಹುಲ್ಲಿನ ಆರೈಕೆಗೆ ರಜೆ, ವಾರಾಂತ್ಯದ ಬೆಳಗು ಸದಸ್ಯರದ್ದು. ನಮಗೆ ಉಳಿಯುವುದು ಮಂಗಳವಾರದಿಂದ ಶುಕ್ರವಾರ. ಶುಲ್ಕವೂ ಆಗ ಕಡಿಮೆ.

ಫೋನಿನಲ್ಲಿ ‘ಬನ್ನಿ ಬನ್ನಿ’ ಎಂದರೆ ಸಾಲದು, ದಿನಾಂಕ ಮತ್ತು ಸಮಯವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಹಾಗೆ ಬಾಯಿಮಾತಿಗೆ ಕರೆದ ಕ್ಲಬ್ಬೊಂದು, ರಾತ್ರಿಯಿಡೀ ಪ್ರಯಾಣ ಮಾಡಿ ಹೋದ ನಮ್ಮನ್ನು ಸದಸ್ಯರ ಟೂರ್ನಿ ಇದೆ ಎಂದು ಮಧ್ಯಾಹ್ನದವರೆಗೆ ಕ್ಯಾಂಟೀನಿನಲ್ಲಿ ಕೂರಿಸಿತ್ತು. ಇಡ್ಲಿ ಚೆನ್ನಾಗಿತ್ತು, ಅದು ಬೇರೆ ಮಾತು.

ಒಟ್ಟು ಖರ್ಚು ಎಷ್ಟಾದೀತು?

ದರ ಕ್ಲಬ್‌ನಿಂದ ಕ್ಲಬ್‌ಗೆ, ವಾರದಿಂದ ವಾರಕ್ಕೆ ಬದಲಾಗುವುದರಿಂದ ಇಲ್ಲಿ ಅಂಕಿ ಬರೆದು ಪ್ರಯೋಜನವಿಲ್ಲ. ಆದರೆ ಗ್ರೀನ್ ಫೀ ಒಂದೇ ಖರ್ಚು ಎಂದುಕೊಳ್ಳಬೇಡಿ. ಜಿಎಸ್‌ಟಿ, ಬ್ಯಾಗ್ ಹೊತ್ತು ದಾರಿ ಹೇಳುವ ಕ್ಯಾಡಿಯ ಕೂಲಿ, ಮೇಲೆ ಕೊಡುವ ಭಕ್ಷೀಸು, ಕೋರ್ಸಿನೊಳಗೆ ಓಡಾಡಲು ಗಾಡಿ ತೆಗೆದುಕೊಂಡರೆ ಅದರ ಬಾಡಿಗೆ, ಕಳೆದುಹೋದ ಚೆಂಡುಗಳು. ಗಾಡಿಯ ಹಣ ಉಳಿಸಿ, ಕ್ಯಾಡಿಯ ಹಣ ಉಳಿಸಬೇಡಿ. ಹೊಸ ಕೋರ್ಸಿನಲ್ಲಿ ಕ್ಯಾಡಿಯೇ ನಿಮ್ಮ ನಕ್ಷೆ. ‘ಇಲ್ಲಿ ಎಡಕ್ಕೆ ಹೋದರೆ ಮುಗೀತು ಸರ್’ ಎಂಬ ಒಂದು ಮಾತಿಗೆ ಎರಡು ಚೆಂಡಿನ ಬೆಲೆ ಇದೆ.

ಹ್ಯಾಂಡಿಕ್ಯಾಪ್, ಸ್ಲೋಪ್ ಅಂದರೆ ಏನು? ಕೋರ್ಸ್ ಆರಿಸಲು ಅದರಿಂದ ಏನು ಉಪಯೋಗ?

ನೀವು ಇತ್ತೀಚೆಗೆ ಆಡಿದ 20 ಸುತ್ತುಗಳಲ್ಲಿ ಅತ್ಯುತ್ತಮ ಎಂಟರ ಸರಾಸರಿಯಿಂದ ನಿಮ್ಮ ಹ್ಯಾಂಡಿಕ್ಯಾಪ್ ಇಂಡೆಕ್ಸ್ ಹುಟ್ಟುತ್ತದೆ. ಗರಿಷ್ಠ 54. ಜಗತ್ತಿಗೆಲ್ಲ ಒಂದೇ ಆದ ಈ ಪದ್ಧತಿ ಶುರುವಾದದ್ದು 2020ರಲ್ಲಿ. ನಮ್ಮಲ್ಲಿ ಇಂಡಿಯನ್ ಗಾಲ್ಫ್ ಯೂನಿಯನ್‌ಗೆ ಸೇರಿದ ಕ್ಲಬ್ ಮೂಲಕ ಪಡೆಯಬೇಕು.

ಸ್ಲೋಪ್ ಎಂದರೆ ಒಳ್ಳೆಯ ಆಟಗಾರನಿಗೆ ಹೋಲಿಸಿದರೆ ಸಾಧಾರಣ ಆಟಗಾರನಿಗೆ ಆ ಟೀಯಿಂದ ಆ ಕೋರ್ಸ್ ಎಷ್ಟು ಹೆಚ್ಚು ಕಷ್ಟ ಎಂಬುದರ ಅಳತೆ. 55ರಿಂದ 155ರವರೆಗೆ ಇರುತ್ತದೆ, 113 ನಡುಮಟ್ಟ. ಇಂಡೆಕ್ಸನ್ನು ಸ್ಲೋಪಿನಿಂದ ಗುಣಿಸಿ 113ರಿಂದ ಭಾಗಿಸಿ, ಅದಕ್ಕೆ ಕೋರ್ಸ್ ರೇಟಿಂಗ್ (ಒಳ್ಳೆಯ ಆಟಗಾರನಿಗೆ ಬೇಕಾಗುವ ಅಂದಾಜು ಹೊಡೆತ) ಮತ್ತು ಪಾರ್ (ಕೋರ್ಸಿಗೆ ಗೊತ್ತುಮಾಡಿದ ಹೊಡೆತ) ನಡುವಿನ ವ್ಯತ್ಯಾಸ ಸೇರಿಸಿದರೆ ಆ ದಿನ ನಿಮಗೆ ಸಿಗುವ ಹೊಡೆತಗಳ ರಿಯಾಯಿತಿ. ಇಂಡೆಕ್ಸ್ 24 ಇದ್ದವರಿಗೆ ಸ್ಲೋಪ್ 130ರ ಕೋರ್ಸಿನಲ್ಲಿ ಸ್ಲೋಪ್ ಲೆಕ್ಕದಿಂದಲೇ ಸುಮಾರು 28 ಬರುತ್ತದೆ. ಸ್ಕೋರ್ ಕಾರ್ಡ್ ಫೋಟೋ ತರಿಸಿಕೊಂಡು ಸ್ಲೋಪ್ ನೋಡಿ. ಜಾಹೀರಾತಿನ ಫೋಟೋಗಳಿಗಿಂತ ಆ ಒಂದು ಅಂಕಿ ಹೆಚ್ಚು ಸತ್ಯ ಹೇಳುತ್ತದೆ.

ಒಂದೊಂದು ಕಡೆ ಗ್ರೀನ್ ಮೇಲೆ ಚೆಂಡು ಒಂದೊಂದು ಥರ ಓಡುತ್ತದೆ, ಯಾಕೆ?

ಹುಲ್ಲು ಬೇರೆ, ಅದಕ್ಕೆ. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಕಾಣುವುದು ಬರ್ಮುಡಾ ಜಾತಿಯ ಹುಲ್ಲು. ಅದರ ಮೂಲ ಜಾತಿ ಬೇರೇನಲ್ಲ, ಇಡಗುಂಜಿ ಗಣಪತಿಗೆ ನಾವು ಏರಿಸುವ ಗರಿಕೆಯೇ. ಕೋರ್ಸ್‌ಗಳಲ್ಲಿ ಅದರ ಸಣ್ಣೆಲೆಯ ತಳಿಗಳನ್ನು ಬೆಳೆಸಿ ಮಿಲಿಮೀಟರ್ ಲೆಕ್ಕದಲ್ಲಿ ಕತ್ತರಿಸುತ್ತಾರೆ. ಗರಿಕೆ ನೆಟ್ಟಗೆ ನಿಲ್ಲದೆ ಒಂದು ಕಡೆಗೆ ವಾಲಿ ಹರಡುತ್ತದೆ. ಅದರ ಜತೆ ಹೊಡೆದರೆ ಚೆಂಡು ಜಾರುತ್ತದೆ, ಎದುರಿಗೆ ಹೊಡೆದರೆ ತಡೆಯುತ್ತದೆ, ಬೆಕ್ಕಿನ ಮೈಯನ್ನು ಬಾಲದಿಂದ ತಲೆಗೆ ಸವರಿದ ಹಾಗೆ. ಹುಲ್ಲು ಹೊಳೆಯುವಂತೆ ಕಂಡರೆ ಅದು ನಿಮ್ಮಿಂದ ಆಚೆಗೆ ವಾಲಿದೆ, ಮೆತ್ತಗೆ ಹೊಡೆಯಿರಿ. ಮಂಕಾಗಿ ಗಾಢವಾಗಿ ಕಂಡರೆ ಎದುರಿಗಿದೆ. ಹೋಲ್‌ನ ಅಂಚು ನೋಡಿದರೂ ಗೊತ್ತಾಗುತ್ತದೆ: ಒಂದು ಬದಿ ಚೂಪಾಗಿದ್ದು ಇನ್ನೊಂದು ಬದಿ ಹರಿದಂತಿದ್ದರೆ, ಹುಲ್ಲು ಹರಿದ ಬದಿಯತ್ತ ವಾಲಿದೆ.

ಉಪ್ಪುನೀರು ಮುಟ್ಟುವ ಕರಾವಳಿ ಕೋರ್ಸ್‌ಗಳಿಗೆ ಪಾಸ್ಪಾಲಂ ಎಂಬ, ಉಪ್ಪು ತಡೆಯುವ ಹುಲ್ಲು ಒಗ್ಗುತ್ತದೆ. ಅದರಲ್ಲಿ ಈ ವಾಲಿಕೆ ಕಡಿಮೆ.

ಚೆಂಡಿನ ಪಕ್ಕ ಸೆಗಣಿ, ಹೆಗ್ಗಣದ ಬಿಲ, ಹಾವು. ಏನು ಮಾಡಬೇಕು?

ನಗಬೇಡಿ, ನಮ್ಮ ಕಡೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ನಿಯಮ ಪುಸ್ತಕದಲ್ಲಿ ಎಲ್ಲಕ್ಕೂ ಉತ್ತರವಿದೆ. ಸೆಗಣಿ ಎಲೆ, ಕಡ್ಡಿಗಳ ಸಾಲಿಗೆ ಸೇರಿದ ವಸ್ತು, ಚೆಂಡು ಅಲುಗದಂತೆ ತೆಗೆದು ಹಾಕಬಹುದು. 2019ರ ನಿಯಮದಿಂದ ಮರಳುಗುಂಡಿಯಲ್ಲಿಯೂ ತೆಗೆಯಬಹುದು. ಹೆಗ್ಗಣದ ಬಿಲ ಅಡ್ಡಿಯಾದರೆ ದಂಡವಿಲ್ಲದೆ ಬೇರೆಡೆ ಡ್ರಾಪ್ ಮಾಡಬಹುದು, ಅಂದರೆ ಚೆಂಡನ್ನು ಮೊಣಕಾಲ ಎತ್ತರದಿಂದ ಬೀಳಿಸಬಹುದು. ದನದ ಗೊರಸಿನ ಗುರುತಿಗೆ ಆ ಸೌಲಭ್ಯವಿಲ್ಲ, ಗ್ರೀನ್ ಬಿಟ್ಟು ಬೇರೆಡೆ ಹಾಗೇ ಆಡಬೇಕು. ಹತ್ತಿರ ನಾಗರವೋ ಜೇನಿನ ಹಿಂಡೋ ಇದ್ದರೆ ಅಪಾಯಕಾರಿ ಪ್ರಾಣಿಯ ನಿಯಮದಡಿ ದೂರದಲ್ಲಿ ಡ್ರಾಪ್ ಮಾಡಿ, ದಂಡವಿಲ್ಲ. ನಿಂತ ಚೆಂಡನ್ನು ಕಾಗೆ ಎತ್ತಿಕೊಂಡು ಹೋದದ್ದು ಕಂಡಿದ್ದರೆ ಅದೇ ಜಾಗದಲ್ಲಿ ಇನ್ನೊಂದು ಇಡಿ. ಕಂಡಿಲ್ಲದೆ ‘ಕಾಗೆಯೇ ಒಯ್ದಿರಬೇಕು’ ಎಂದು ಊಹಿಸಿದರೆ ಅದು ಕಳೆದ ಚೆಂಡು, ಹುಡುಕಲು ಮೂರೇ ನಿಮಿಷ.

ಮನೆಯಲ್ಲೋ ಬೀಚಿನಲ್ಲೋ ಅಭ್ಯಾಸ ಮಾಡಬಹುದೇ?

ಅಡಿಕೆ ಒಣಗಿಸುವ ಅಂಗಳ ಖಾಲಿ ಇರುವ ತಿಂಗಳುಗಳಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಬೇಡ. ಎರಡು ಅಡಿಕೆ ಮರದ ಕಂಬ ನಿಲ್ಲಿಸಿ, ಮೀನುಬಲೆಯನ್ನು ಎರಡು ಪದರ ಇಳಿಬಿಟ್ಟು, ಹಿಂದೆ ಹಳೇ ಕಂಬಳಿ ಕಟ್ಟಿ. ಕಾಲಡಿಗೆ ತೆಂಗಿನ ನಾರಿನ ದಪ್ಪ ಚಾಪೆ. ಬಲೆ ಬಿಗಿಯಾಗಿದ್ದರೆ ಚೆಂಡು ತಿರುಗಿ ಮುಖಕ್ಕೆ ಬರುತ್ತದೆ, ಸಡಿಲ ಬಿಡಿ.

ಬೀಚು ಬೇಡ. ಜನ, ಮಕ್ಕಳು, ಬಲೆ ಎಳೆಯುವವರು ಇರುವ ಜಾಗವದು. ಸಮುದ್ರಕ್ಕೆ ಚೆಂಡು ಹೊಡೆಯುವುದಂತೂ ಶುದ್ಧ ಅವಿವೇಕ. ಚೆಂಡು ಮುಳುಗುತ್ತದೆ, ಕರಗುವುದಿಲ್ಲ, ಅಲೆಗೆ ತೇಯ್ದು ಪ್ಲಾಸ್ಟಿಕ್ ಪುಡಿಯಾಗುತ್ತದೆ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಸುತ್ತಲಿನ ಸಮುದ್ರದಿಂದ ಐವತ್ತು ಸಾವಿರಕ್ಕೂ ಹೆಚ್ಚು ಚೆಂಡು ಹೆಕ್ಕಿ ತೆಗೆದಿದ್ದಾರೆ. ನಮ್ಮ ತೀರದಲ್ಲಿ ಕಡಲಾಮೆ ಮೊಟ್ಟೆಯಿಡುತ್ತದೆ ಎಂಬುದು ನೆನಪಿರಲಿ.

ಮಳೆಗಾಲದಲ್ಲಿ ಕ್ಲಬ್‌ಗಳಿಗೆ ತುಕ್ಕು, ಗ್ಲೌಸ್‌ಗೆ ಬೂಷ್ಟು. ಉಪಾಯ?

ಉಪ್ಪುಗಾಳಿಗೆ ಮೊದಲು ಬಲಿಯಾಗುವುದು ವೆಜ್‌ನ ಮುಖ, ಅದರ ಗೀರುಗಳ ಒಳಗೆ ಕೆಂಪು ಚುಕ್ಕೆಗಳಾಗಿ. ಕಾಣಕೋಣದಲ್ಲಿ ಆಡಿ ಬಂದ ದಿನವೇ ಸಿಹಿನೀರಲ್ಲಿ ತೊಳೆದು, ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ. ಹತ್ತಿಬಟ್ಟೆಗೆ ಎರಡು ಹನಿ ತೆಂಗಿನೆಣ್ಣೆ ಆದರೂ ಆದೀತು, ಹಿಡಿಕೆಗೆ ಮಾತ್ರ ತಾಗಬಾರದು. ಚರ್ಮದ ಗ್ಲೌಸ್‌ಗೆ ಘಟ್ಟದ ಮೇಲಿನವರ ಉಪಾಯವೇ ಸರಿ: ಬಚ್ಚಲ ಒಲೆಯ ಮೇಲಿನ ಅಟ್ಟದ ಹತ್ತಿರ, ಬಿಸಿ ನೇರ ತಾಗದಂತೆ ನೇತುಹಾಕಿ. ಬೂಷ್ಟು ಹತ್ತುವುದಿಲ್ಲ. ಹೊಗೆ ವಾಸನೆ ಬರುತ್ತದೆ, ಬೆಂಗಳೂರಿನವರು ಮೂಗು ಮುರಿಯಲಿ ಬಿಡಿ.

ಉಡುಪಿಗೆ ಕಟ್ಟುಪಾಡು ಇದೆಯೇ?

ಇದೆ. ಕಾಲರ್ ಇರುವ ಟೀಶರ್ಟ್, ಜೀನ್ಸ್ ಅಲ್ಲದ ಪ್ಯಾಂಟು, ಗಾಲ್ಫ್ ಶೂ. ಪಂಚೆಗೆ ಪ್ರವೇಶವಿಲ್ಲ, ಎಷ್ಟೇ ಜರತಾರಿ ಇದ್ದರೂ.

ಮಕ್ಕಳಿಗೆ ಕಲಿಸಬೇಕೆಂದಿದೆ. ದೊಡ್ಡ ಊರಿಗೆ ಹೋಗದೆ ಸಾಧ್ಯವೇ?

ಶುರು ಮಾಡಲು ಸಾಧ್ಯ, ಮುಂದೆ ಹೋಗಲು ಕಷ್ಟ. ಕೋರ್ಸ್ ಹತ್ತಿರ ಇರುವುದೇ ದೊಡ್ಡ ಸಂಗತಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಬೆಂಗಳೂರಿನ ಅದಿತಿ ಅಶೋಕ್ ಐದನೇ ವಯಸ್ಸಿಗೇ ಮೈದಾನ ಕಂಡವರು. ವೃತ್ತಿಪರ ಗಾಲ್ಫ್ ಆಟಗಾರ ಚಿಕ್ಕರಂಗಪ್ಪ ಬೆಳೆದದ್ದು ಬಿಡದಿಯಲ್ಲಿ, ಈಗಲ್‌ಟನ್ ಪಕ್ಕದ ಹಳ್ಳಿಯಲ್ಲಿ. ಬಡತನವಿದ್ದರೂ ಕೋರ್ಸ್ ಬೇಲಿಯಾಚೆಯೇ ಇತ್ತು. ನಮ್ಮ ಮಕ್ಕಳಿಗೆ ಆ ಬೇಲಿ ಇಲ್ಲ. ಹಾಗಾಗಿ ಅಂಗಳದಲ್ಲಿ ಚಿಪ್ (ಚೆಂಡನ್ನು ಸ್ವಲ್ಪ ಎತ್ತಿ ಹಾಕುವ ಸಣ್ಣ ಹೊಡೆತ) ಮತ್ತು ಪಟ್ (ಉರುಳಿಸುವ ಹೊಡೆತ) ಕಲಿಸಿ, ರಜೆಯಲ್ಲಿ ಪಾರ್-3 ಕೋರ್ಸಿಗೆ ಕರೆದುಕೊಂಡು ಹೋಗಿ. ದೊಡ್ಡವರ ಕ್ಲಬ್ ಕತ್ತರಿಸಿ ಕೊಡಬೇಡಿ, ತೂಕ ಹೆಚ್ಚಾಗಿ ಹೊಡೆತದ ರೂಢಿಯೇ ಕೆಡುತ್ತದೆ.

ರೈಲಿನಲ್ಲಿ ಗಾಲ್ಫ್ ಬ್ಯಾಗ್ ಒಯ್ಯಬಹುದೇ?

ಒಯ್ಯಬಹುದು. ಕಾರವಾರದಿಂದ ಬೆಂಗಳೂರಿಗೆ ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ಬೆಳಿಗ್ಗೆ ಇಳಿಯಬಹುದು. ಕೆಳಗಿನ ಬರ್ತ್ ಬುಕ್ ಮಾಡಿ, ಬ್ಯಾಗನ್ನು ಸೀಟಿನಡಿ ಉದ್ದಕ್ಕೆ ಮಲಗಿಸಿ. ಡ್ರೈವರಿನ ತಲೆಗೆ ಟವೆಲ್ ಸುತ್ತಿ. ನಿಯಮದಂತೆ 14 ಕ್ಲಬ್ ಮೀರುವಂತಿಲ್ಲ, ರೈಲಿಗೆ ಎಂಟೇ ಸಾಕು. ಅದೇನು ಕ್ರಿಕೆಟ್ ಕಿಟ್ಟೇ ಎಂದು ಎದುರಿನ ಸೀಟಿನವರು ಕೇಳಿಯೇ ಕೇಳುತ್ತಾರೆ. ಹೌದು ಎಂದುಬಿಡಿ, ಇಲ್ಲವಾದರೆ ಕುಂದಾಪುರ ದಾಟುವವರೆಗೂ ನಿದ್ದೆಯಿಲ್ಲ.